ಸುಂಕದ ಕಟ್ಟೆಯ ಶುಂಠಿ

ಈ ಕಥೆಯನ್ನು ಮೊದಲು ಹೇಳಿದವರು ಗಡಿಯ ಸೇತುವೆಯ ಮೇಲೆ ಕೈಗಾಡಿ ನೂಕುತ್ತಿದ್ದ ಹಿರಿಯ ಹಮಾಲಿಯೊಬ್ಬರು. ಸೇತುವೆಯ ದುರಸ್ತಿಗೆಂದು ದಾರಿ ಮುಚ್ಚಿದ್ದ ಬೇಸಿಗೆಯ ಒಂದು ಮಧ್ಯಾಹ್ನ, ಲಾರಿ ನಿಲ್ದಾಣದ ಚಹಾದಂಗಡಿಯಲ್ಲಿ ಇದನ್ನು ಹೇಳಿದರು. ಶುಂಠಿಯ ಜಾಗದಲ್ಲಿ ಬೆಳ್ಳುಳ್ಳಿಯನ್ನಿಟ್ಟು ಹೇಳುವವರೂ ಇದ್ದಾರೆ. ಆದರೆ ಘಟನೆ ನಡೆದ ದಿನ ಅಲ್ಲಿ ಗಾಡಿ ನೂಕಿದವರು ಈ ಹಮಾಲಿಯೇ ಆದ್ದರಿಂದ ಶುಂಠಿಯನ್ನೇ ಉಳಿಸಿಕೊಂಡಿದ್ದೇನೆ.

ಸೇತುವೆಯ ಈಚೆ ತುದಿಯ ಸುಂಕದ ಕಟ್ಟೆಯಲ್ಲಿ, ಆಚೆಯ ದೇಶದಿಂದ ಬಂದ ಹೆಣ್ಣುಮಗಳೊಬ್ಬಳ ಮರದ ಪೆಟ್ಟಿಗೆಯನ್ನು ತೂಕಕ್ಕೆ ಇಟ್ಟಿದ್ದರು. ಒಳಗಿನದೂ ಸೇರಿ ಇಪ್ಪತ್ತು ಕಿಲೋ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಯಂತ್ರದ ಮುಳ್ಳು ಇಪ್ಪತ್ತೊಂದಕ್ಕೆ ಹೋಗಿ ನಿಂತಿತು.

"ಇನ್ನೊಂದು ಕಿಲೋ ಎಲ್ಲಿಂದ ಬಂತಮ್ಮ?" ಎಂದರು ಸುಂಕದ ಅಧಿಕಾರಿ. ಒಂದು ಗ್ರಾಂ ಹೆಚ್ಚಾದರೂ ಬಿಡದವರು, ಯಾರ ಕೈಯಿಂದಲೂ ಒಂದು ಲೋಟ ಚಹಾ ಸಹ ಮುಟ್ಟದವರು ಅವರು. ಎರಡೂ ದಡದ ಜನ ಅವರನ್ನು ಗ್ರಾಂ ಸಾಹೇಬರೆಂದೇ ಕರೆಯುತ್ತಿದ್ದರು.

"ಸಾರ್, ಒಳಗಿರೋದೇ ತೂಕದ ಬಟ್ಟು. ಅದು ದಾರೀಲಿ ದಪ್ಪ ಆಗೋದಿಲ್ಲ."

ಆಕೆ ತೂಕ ಮತ್ತು ಅಳತೆಯ ಪ್ರಯೋಗಾಲಯದವಳು. ನೆರೆಹೊರೆಯ ದೇಶಗಳೆಲ್ಲ ಕೂಡಿ ಒಂದು ಒಪ್ಪಂದ ಮಾಡಿಕೊಂಡಿದ್ದವು: ಎಲ್ಲರ ಕಿಲೋ ಒಂದೇ ಆಗಬೇಕು, ಒಬ್ಬರು ತೂಗಿ ಕಳಿಸಿದ ಸರಕನ್ನು ಇನ್ನೊಬ್ಬರು ಮತ್ತೆ ತೂಗುವಂತಿರಬಾರದು. ಅದಕ್ಕಾಗಿ ಈ ಒಂದೇ ಉಕ್ಕಿನ ಬಟ್ಟು, ಮಗಳನ್ನು ಅತ್ತೆಯ ಮನೆಗೆ ಕಳಿಸುವಷ್ಟು ಜೋಪಾನವಾಗಿ, ದೇಶದಿಂದ ದೇಶಕ್ಕೆ ಮೊಹರಿನೊಳಗೆ ತಿರುಗುತ್ತಿತ್ತು. ನಡುದಾರಿಯಲ್ಲಿ ಮೊಹರು ಒಡೆದು ಬೆರಳಿನ ಜಿಡ್ಡು ತಾಗಿದರೂ ಸಾಕು, ಮೊದಲ ದೇಶದಿಂದ ಎಲ್ಲವನ್ನೂ ಮತ್ತೆ ಆರಂಭಿಸಬೇಕಿತ್ತು.

"ಪೆಟ್ಟಿಗೆ ಬಿಚ್ಚು."

"ಬಿಚ್ಚೋ ಹಾಗಿಲ್ಲ ಸಾರ್. ನಿಮ್ಮ ಸರ್ಕಾರದವರೇ ಕರೆಸಿರೋದು. ಕಾಗದ ಇದೆ, ನೋಡಿ."

"ಕಾಗದಕ್ಕೆ ತೂಕ ಇಲ್ಲಮ್ಮ, ಪೆಟ್ಟಿಗೆಗಿದೆ. ನಿಮ್ಮ ಕಡೆಯವರ ಕಿಲೋ ಯಾವಾಗಲೂ ಸಡಿಲ. ಅದು ಜಗತ್ತಿಗೇ ಗೊತ್ತು."

"ನಮ್ಮ ಕಡೆ, ನಿಮ್ಮ ಕಿಲೋ ಬಲು ಬಿಗಿ ಅಂತಾರೆ ಸಾರ್. ಈ ಜಗಳ ಹರೀಲಿ ಅಂತಾನೇ ಇದನ್ನ ತಂದಿರೋದು."

ಗ್ರಾಂ ಸಾಹೇಬರು ಮೇಜಿನ ಖಾನೆಯಿಂದ ಇಕ್ಕಳ ತೆಗೆದರು. ಆಕೆ ಮೊಹರಿನ ಮೇಲೆ ಅಂಗೈ ಮುಚ್ಚಿ ನಿಂತಳು.

ಸಾಲಿನಲ್ಲಿ ಆಕೆಯ ಹಿಂದೆಯೇ, ತನ್ನ ಚೀಲದ ಮೇಲೆ ಕುಳಿತಿದ್ದವಳು ಶುಂಠಿ ಅಜ್ಜಿ. ವಾರಕ್ಕೊಮ್ಮೆ ಈಚೆಯ ಪೇಟೆಗೆ ಶುಂಠಿ ಮಾರಲು ಬರುವವಳು. ಇಪ್ಪತ್ತು ಕಿಲೋವರೆಗೆ ಸುಂಕವಿಲ್ಲ. ಆಚೆ ದಡದಲ್ಲಿ ಸರಿಯಾಗಿ ಇಪ್ಪತ್ತಿದ್ದ ಚೀಲ ಈಚೆಗೆ ಬಂದರೆ ಇಪ್ಪತ್ತೊಂದಾಗುತ್ತಿತ್ತು. ಹೆಚ್ಚಾದುದನ್ನು ಗ್ರಾಂ ಸಾಹೇಬರು ತಾವು ಮನೆಗೆ ಒಯ್ದವರಲ್ಲ, ಇತರರಿಗೆ ಕೊಟ್ಟವರೂ ಅಲ್ಲ. ನಿಯಮದಂತೆ ಕಟ್ಟೆಯ ಹಿಂದಿನ ಗುಂಡಿಗೆ ಸುರಿಸಿ ಮಣ್ಣು ಎಳೆಸುತ್ತಿದ್ದರು. ಅಜ್ಜಿ ಮೊದಮೊದಲು ಜಗಳವಾಡಿದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನೆಂದು ಆಮೇಲೆ ಸುಮ್ಮನಾಗಿದ್ದಳು.

ಆ ದಿನ ಮಾತ್ರ ಕುಳಿತಲ್ಲಿಂದಲೇ ಬಾಯಿ ತೆರೆದಳು. "ಏನಪ್ಪಾ ಸಾಹೇಬ, ನನ್ನ ಚೀಲದಲ್ಲೂ ವಾರವಾರ ಒಂದೇ ಕಿಲೋ ಹೆಚ್ಚು, ಈ ಮಗಳ ಪೆಟ್ಟಿಗೇಲೂ ಒಂದೇ ಕಿಲೋ ಹೆಚ್ಚು. ನಾನು ಕಳ್ಳಿ ಅಂತಲೇ ಇಟ್ಕೋ, ಇವಳೂ ಕಳ್ಳಿ ಅಂತಲೇ ಇಟ್ಕೋ. ಇಬ್ಬರು ಕಳ್ಳಿಯರು ಇಷ್ಟು ಅಳತೆ ಹಿಡಿದು ಕದೀತಾರೇನಪ್ಪಾ?"

ಸಾಲಿನಲ್ಲಿ ನಗು ಎದ್ದಿತು. ಗ್ರಾಂ ಸಾಹೇಬರ ಮುಖ ಕಂಡೊಡನೆ ತಾನಾಗಿಯೇ ಅಡಗಿತು. ಅವರು ಇಕ್ಕಳ ಹಿಡಿದ ಕೈಯನ್ನು ಅಲ್ಲಿಯೇ ನಿಲ್ಲಿಸಿದ್ದರು. ಪೆಟ್ಟಿಗೆಯನ್ನು ಇಳಿಸಲು ಹಮಾಲಿಗೆ ಸನ್ನೆ ಮಾಡಿದರು. ಮುಳ್ಳು ಸೊನ್ನೆಗೆ ಮರಳಿ, ಎಂದಿನಂತೆ ಸಾಧುವಾಗಿ ನಿಂತಿತು. ಅವರು ಅದನ್ನೇ ಬಹಳ ಹೊತ್ತು ನೋಡಿದರು.

"ಹೋಗಮ್ಮ," ಎಂದರು, ಇಕ್ಕಳವನ್ನು ಖಾನೆಯೊಳಗಿಟ್ಟು. "ಅಲ್ಲಿ ನಿನ್ನ ಕೆಲಸ ಮುಗಿದ ಮೇಲೆ, ಈ ಕಟ್ಟೆಯ ಯಂತ್ರ ನೋಡೋಕೂ ಯಾರನ್ನಾದರೂ ಕಳಿಸೋಕೆ ಹೇಳು."

ಮುಂದಿನ ಸರದಿ ಅಜ್ಜಿಯದು. ಚೀಲವನ್ನು ಯಂತ್ರದ ಮೇಲೆ ಎಳೆದಿಟ್ಟಳು. ಮುಳ್ಳು ಇಪ್ಪತ್ತೊಂದು ತೋರಿಸಿತು. ಅಭ್ಯಾಸಬಲದಿಂದ ಅವಳೇ ಚೀಲದ ಬಾಯಿ ಬಿಚ್ಚಿ, ಶುಂಠಿ ತೆಗೆದು ನೆಲಕ್ಕೆ ಹಾಕತೊಡಗಿದಳು.

"ಬೇಡಜ್ಜಿ," ಎಂದವರೇ ಗ್ರಾಂ ಸಾಹೇಬರು ಬುಟ್ಟಿಯೊಂದನ್ನು ಎತ್ತಿಕೊಂಡು ಕಟ್ಟೆಯ ಹಿಂದಕ್ಕೆ ನಡೆದರು. ಗುಂಡಿಯಿದ್ದಲ್ಲಿ, ವರ್ಷಗಳಿಂದ ಹೂತದ್ದೆಲ್ಲ ಮೊಳೆತು, ಶುಂಠಿ ಸೊಂಟದೆತ್ತರ ಬೆಳೆದು ನಿಂತಿತ್ತು. ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ ಅವರು ಮಂಡಿಯೂರಿ, ಬರಿಗೈಯಿಂದ ಅಗೆದು ಬುಟ್ಟಿ ತುಂಬಿಸಿದರು. ಮೊಣಕೈವರೆಗೆ ಮಣ್ಣಾಗಿ ಬಂದು, ಅಭ್ಯಾಸಬಲದಿಂದಲೇ, ಬುಟ್ಟಿಯನ್ನು ಯಂತ್ರದ ಕಡೆಗೆ ಎತ್ತಿದರು.

"ಅದರ ಮೇಲಿಡಬೇಡಪ್ಪಾ," ಎಂದಳು ಅಜ್ಜಿ. "ಇಟ್ಟರೆ ಮತ್ತೆ ಸ್ವಲ್ಪ ತೆಗೀಬೇಕಾಗುತ್ತೆ."

ಅವರಿಗೆ ತಲೆ ಎತ್ತಲಾಗಲಿಲ್ಲ. ಬುಟ್ಟಿಯನ್ನು ಅವಳ ಕಾಲ ಬಳಿ ಇಟ್ಟು, "ನಿನ್ನದೇ ಅಜ್ಜಿ," ಎಂದರು. ಅಜ್ಜಿ ಒಂದು ಗೆಡ್ಡೆ ಮುರಿದು ಮೂಸಿ ನೋಡಿದಳು. "ಒಳ್ಳೆ ಮಣ್ಣು," ಎಂದಳು. ಮುರಿದ ಅರ್ಧವನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದಳು. "ಮನೇಲಿ ಚಹಾಕ್ಕೆ ಹಾಕಿಸ್ಕೋ."

ಇಲ್ಲಿಗೆ ನಿಲ್ಲಿಸಿದ ಹಮಾಲಿ ತಮ್ಮ ಲೋಟವನ್ನು ಬೋರಲಿಟ್ಟರು.

"ತಗೊಂಡರಾ ಅವರು?" ಎಂದು ಯಾರೋ ಕೇಳಿದರು.

"ಸಂಜೆ ಕಟ್ಟೆಗೆ ಬೀಗ ಹಾಕೋವಾಗ ಎಡಗೈಯಿಂದಲೇ ಹಾಕಿದರಪ್ಪ. ಬಲಗೈ ಮುಷ್ಟಿ ಇನ್ನೂ ಮುಚ್ಚೇ ಇತ್ತು."

ಕೇಳುತ್ತಿದ್ದವರು ಒಬ್ಬೊಬ್ಬರಾಗಿ ಎದ್ದು ಮನೆಗಳತ್ತ ಹೊರಟರು. ಅವರಲ್ಲಿದ್ದ ಕಿರಾಣಿ ಅಂಗಡಿಯವರೊಬ್ಬರು ಮಾತ್ರ ನಾಲ್ಕು ಹೆಜ್ಜೆ ಹೋಗಿ ನಿಂತು, ಮನೆಯ ದಾರಿ ಬಿಟ್ಟು ಅಂಗಡಿಗೆ, ತಮ್ಮ ತಕ್ಕಡಿಯ ಕಡೆಗೆ ತಿರುಗಿದರು.