ಮೂರನೆಯ ಬಟ್ಟಲು

ಸತ್ತೆವ್ವನ ಬೆರಳುಗಳು ತಟ್ಟೆಯ ಮೇಲೆ ಓಡುತ್ತಿದ್ದವು. ದಪ್ಪನೆಯ, ಬಂಗಾರಬಣ್ಣದ ಒಣದ್ರಾಕ್ಷಿ ಬಲಗಡೆಯ ಬಟ್ಟಲಿಗೆ. ಕಪ್ಪಿಟ್ಟದ್ದು, ಒಡೆದದ್ದು ಎಡಗಡೆಯದಕ್ಕೆ. ಅಥಣಿ ರಸ್ತೆಯ ದ್ರಾಕ್ಷಿ ಶೆಡ್ಡಿನಲ್ಲಿ ದಿನವಿಡೀ ಮಾಡುವ ಕೆಲಸವನ್ನೇ ಐನಾಪುರದ ತನ್ನ ಮನೆಯಲ್ಲೂ ಕೂತು ಮಾಡುತ್ತಿದ್ದಳು. ಮಗಳು ಸ್ನೇಹಲ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಮೈಯಲ್ಲಿ ರಕ್ತ ಕಡಿಮೆ, ದಿನಾ ಒಣದ್ರಾಕ್ಷಿ ತಿನ್ನಿಸಿ ಎಂದು ನರ್ಸಬಾಯಿ ಹೇಳಿದ್ದು ಸ್ನೇಹಲಳ ಬಗ್ಗೆಯೇ. ಅವಳಿಗೆಂದೇ ಅವ್ವ ಇದನ್ನು ತಂದದ್ದು.

ಎಡಗಡೆಯ ಬಟ್ಟಲು ಅವಳತ್ತ ಸರಿಯಿತು. "ತಗೋಳವಾ, ತಿನ್ನು."

"ಆ ಬಟ್ಟಲ ಯಾರಿಗಬೇ?"

"ನಿನ್ನ ತಮ್ಮ ಶುಭಮ್‌ಗ. ಆಡಾಕ ಹೋಗ್ಯಾನ, ಹಸದ ಬರ್ತಾನ."

"ಅವಂಗೂ ರಕ್ತ ಕಡಿಮಿ ಆಗೈತೇನ?"

"ಗಂಡ ಹುಡಗಗ ಒಡದದ್ದ ಹೆಂಗ ಕೊಡಾಕ ಬರ್ತೈತಿ?"

ಸ್ನೇಹಲ ಬಾಗಿಲು ಬಿಟ್ಟು ಬಂದು ತಟ್ಟೆಯ ಮುಂದೆ ಕೂತಳು. ಎರಡೂ ಬಟ್ಟಲುಗಳನ್ನು ತಟ್ಟೆಗೆ ಸುರಿದು ಕಲಸಿಬಿಟ್ಟಳು.

"ಅಯ್ಯ, ಹುಚ್ಚೀ! ಎಲ್ಲಾ ಕೂಡಿಸಿಬಿಟ್ಟೆಲ್ಲ! ನಮ್ಮ ಮಾಲಕ ನೋಡಿದ್ರ ಕೆಲಸಾನ ಬಿಡಸ್ತಿದ್ದ."

"ಇಲ್ಲಿ ಮಾಲಕ ಯಾರದಾನ? ಅದಿರ್ಲಿ, ನಿನ್ನ ಬಟ್ಟಲ ಎಲ್ಲೈತಬೇ?"

ಮೂರನೆಯ ಬಟ್ಟಲನ್ನು ಸತ್ತೆವ್ವ ಇಟ್ಟೇ ಇರಲಿಲ್ಲ. ಬೆರಳು ತಾನಾಗಿ ದಪ್ಪನೆಯದೊಂದನ್ನು ಹೆಕ್ಕಿ ಬಲಕ್ಕೆ ಹೊರಟಿತು, ನಡುವೆಯೇ ನಿಂತಿತು. ಅದನ್ನವಳು ಮಗಳ ಬಾಯಿಗಿಟ್ಟಳು. ಅಂಥದ್ದೇ ಇನ್ನೊಂದನ್ನು ಹೆಕ್ಕಿ, ಬಾಗಿಲ ಕಡೆ ಕಳ್ಳಿಯಂತೆ ನೋಡಿ, ತನ್ನ ಬಾಯಿಗೆ ಹಾಕಿಕೊಂಡಳು.