ಒಂದು ಚಿವುಟು

ಬಾಯಿಗಿಟ್ಟ ರೊಟ್ಟಿಯ ಚೂರನ್ನು ಚನ್ನವೀರಮ್ಮ ನಾಲಿಗೆಯಿಂದಲೇ ಹೊರಗೆ ತಳ್ಳಿದಳು. ಸೊಸೆ ಸುವರ್ಣಮ್ಮ ಅದನ್ನು ಹೆಕ್ಕಿ ತಾಟಿಗೆ ಹಾಕಿದಳು. ನಿನ್ನೆಯೂ ಇದೇ ಕಥೆ, ಮೊನ್ನೆಯೂ ಇದೇ.

“ರೇಷನ್ ಅಂಗಡಿ ಮುಂದ ಪಾಳಿ ಹಚ್ಚಿ ತಂದ ಜೋಳ ಇದು. ಉಗುಳಾಕ ತಂದಿದ್ದಲ್ಲ,” ಎಂದು ಗದರಿದಳು. ಗದರಿ ಏನು ಫಲ? ಅತ್ತೆಯ ಕಣ್ಣು ಪೊರೆ ಬಂದು ಹೋಗಿ ಬಹಳ ಕಾಲವಾಗಿತ್ತು. ಈ ಯುಗಾದಿ ಹೊತ್ತಿಗೆ ಕಿವಿಯೂ ಹೋಯಿತು.

ಕಿವಿ ಇದ್ದಾಗ ಬೆಳಗಾದರೆ ಇಬ್ಬರಿಗೂ ಜಗಳ. ಕಣ್ಣಿಲ್ಲದಿದ್ದರೂ ರೊಟ್ಟಿ ಬಡಿಯುವ ಸದ್ದಿನಲ್ಲೇ ಅತ್ತೆ ತಪ್ಪು ಹಿಡಿಯುತ್ತಿದ್ದಳು: “ಹಿಟ್ಟು ನಾದಿದ್ದು ಸಾಲದು.” ಈಗ ಅದೂ ಇಲ್ಲ. ತಡಕಾಡುತ್ತ ಒಲೆಯ ಬಳಿ ಹೋಗಿ ಸೆರಗು ಸುಟ್ಟುಕೊಂಡ ಮೇಲೆ, ಸುವರ್ಣಮ್ಮ ಅವಳನ್ನು ನಡುಮನೆಯ ಕಂಬಕ್ಕೆ ಒರಗಿಸಿ, ಹಳೆಯ ಸೀರೆಯಿಂದ ಕಟ್ಟಿ ಕೂರಿಸಿದ್ದಳು. ವಿಭೂತಿ ಚೆಲ್ಲುತ್ತಾಳೆಂದು ತಾನೇ ಬೆಳಿಗ್ಗೆ ಹಣೆತುಂಬ ಬಳಿಯುತ್ತಿದ್ದಳು. ನೋಡಲು ಬಂದ ನೆಂಟರು ಮಾತಾಡಿ ಉಪಯೋಗವಿಲ್ಲವೆಂದು ಕಾಲು ಮುಟ್ಟಿ ಹೋಗುತ್ತಿದ್ದರು.

ಡಾಕ್ಟರನ್ನು ಕೇಳಿಬರಲು ಹೋಗಿದ್ದ ಗಂಡ ತಿಪ್ಪೇರುದ್ರಪ್ಪ, ಸಿರುಗುಪ್ಪದ ಬಸ್ಸಿನಿಂದಿಳಿದು ಕುರುಗೋಡಿನ ಬಿಸಿಲಲ್ಲಿ ಬೆವರುತ್ತ ಬಂದ.

“ಏನಂದ್ರು?”

“ಕಣ್ಣು ಕಿವಿ ಎರಡೂ ಹೋದ ಮಂದಿ ಲಗೂನ ಸೊರಗ್ತಾರಂತ. ಹಿಂಗ ಉಣ್ಣದಿದ್ರ ಬಾಳ ದಿನ ತಡಿಯಂಗಿಲ್ಲ ಅಂದ್ರು.”

“ಔಷಧಿ?”

“ಜ್ವರ ಇಲ್ಲ, ನೋವಿಲ್ಲ, ಯಾತಕ್ಕ ಔಷಧಿ ಕೊಡ್ಲಿ ಅಂದ್ರು. ಮಾತಾಡಸ್ರಿ ಅಂದ್ರು.”

“ಯಾರ್ನ? ಕಂಬಾನಾ?”

ಆಗ ಚನ್ನವೀರಮ್ಮನೇ ಬಾಯಿ ಬಿಟ್ಟಳು. “ಇನ್ನೂ ಯಾಕ ತಡ ಮಾಡಾಕತ್ತೀರಿ? ಬಳ್ಳಾರಿ ಮಗಳು ಬರೋದೈತೇನು?”

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ಕುಂಡ್ರಿಸಿ ಕಟ್ಟೀರಿ, ವಿಭೂತಿ ಬಳದೀರಿ, ಮಂದಿ ಬಂದು ಕಾಲು ಮುಟ್ಟಿ ಹೋದ್ರು. ಒಂದು ಕುಣಿ ತೋಡಾಕ ಇಷ್ಟು ದಿನ ಬೇಕೇನು? ಅದರಾಗ ಸತ್ತಾಕಿ ಬಾಯಿಗೆ ರೊಟ್ಟಿ ಬ್ಯಾರೆ ತುರುಕತೀರಿ.”

ತಿಪ್ಪೇರುದ್ರಪ್ಪ ಕಂಬ ನೋಡಿದ. ಅಪ್ಪ ತೀರಿಕೊಂಡಾಗ, ಹೂಳುವ ಮೊದಲು ಅವನನ್ನೂ ಇದೇ ಕಂಬಕ್ಕೆ ಕಟ್ಟಿ ಕೂರಿಸಿದ್ದರು. ಹಣೆತುಂಬ ವಿಭೂತಿ ಬಳಿದವಳು ಅವ್ವನೇ.

“ಅವ್ವಾ, ನೀ ಸತ್ತಿಲ್ಲ,” ಎಂದು ಅವನು ಅವಳ ಕಿವಿಗೆ ಬಾಯಿಟ್ಟು ಕೂಗಿದ. ಪಕ್ಕದ ಮನೆಯ ಎಮ್ಮೆ ತಲೆಯೆತ್ತಿ ನೋಡಿತು. ಅವ್ವ ಅಲುಗಲಿಲ್ಲ.

“ಸರೀರಿ ಅತ್ಲಾಗ.” ಸುವರ್ಣಮ್ಮ ಕಟ್ಟು ಬಿಚ್ಚಿ ಎಸೆದಳು. ಅತ್ತೆಯ ತೋಳು ಹಿಡಿದು, ಇಷ್ಟು ದಿನದ ಸಿಟ್ಟನ್ನೆಲ್ಲ ಒಟ್ಟುಮಾಡಿ ಚಿವುಟಿದಳು.

“ಅಯ್ಯ ನಿನ್ನ, ಯಾವಾಕಿ ಅದು? ಸುವರ್ಣೀ, ನಿನ್ನ ಉಗುರೇ ಇದು.” ಮುದುಕಿ ಗಾಳಿಗೆ ಬೀಸಿದ ಕೈ ಸೊಸೆಯ ಭುಜಕ್ಕೆ ಬಡಿಯಿತು. ಬಡಿದ ಕೈ ಹಿಂದೆ ಸರಿಯಲಿಲ್ಲ. ಭುಜ ತಡವಿತು, ಕೆನ್ನೆ ತಡವಿತು, ಒದ್ದೆಯಾದಲ್ಲಿ ನಿಂತಿತು.

“ಸತ್ತವರ್ನ ಯಾರೂ ಚಿವುಟಂಗಿಲ್ಲ,” ಎಂದಳು ನಿಧಾನವಾಗಿ, ತನಗೆ ತಾನೇ ಹೇಳಿಕೊಳ್ಳುವಂತೆ. ಆಮೇಲೆ ಬಾಯಿ ತೆರೆದಳು.

ಸುವರ್ಣಮ್ಮ ರೊಟ್ಟಿ ಮುರಿದು ಇಟ್ಟಳು. ಚನ್ನವೀರಮ್ಮ ಬಹಳ ಹೊತ್ತು ಅಗಿದು ನುಂಗಿದಳು.

“ಹಿಟ್ಟು ನಾದಿದ್ದು ಸಾಲದು.”

ಸುವರ್ಣಮ್ಮ ಉತ್ತರವಾಗಿ ಇನ್ನೊಮ್ಮೆ ಚಿವುಟಿದಳು.