ಕಡಾಯಿ ಬೆಂಕಿಗೆ ಡೊಳ್ಳು

ನೀರಿನ ಬದಲು ಡೊಳ್ಳಿನ ದನಿಯಿಂದ ಬೆಂಕಿ ಆರಿಸುವ ಅಗ್ನಿಶಾಮಕ ದಳಕ್ಕೆ ಸೇರಿದ ಮೇಲೆ ದ್ಯಾಮವ್ವನಿಗೆ ಇದೇ ಮೊದಲ ಕರೆ. ಹಾವೇರಿಯ ಮದುವೆಮನೆಯಲ್ಲಿ ಜಿಲೇಬಿಯ ಎಣ್ಣೆ ಹೊತ್ತಿಕೊಂಡು, ಜ್ವಾಲೆ ಇನ್ನೇನು ಚಪ್ಪರ ಮುಟ್ಟುವುದರಲ್ಲಿತ್ತು. ಮೊದಲು ಕೇಳು, ಆಮೇಲೆ ಬಾರಿಸು ಎಂದೇ ದಳದಲ್ಲಿ ಕಲಿಸಿದ್ದರು. ಅವಳು ಬೆಂಕಿಯ ಸದ್ದಿಗೆ ಕಿವಿಗೊಟ್ಟು, ಡೊಳ್ಳಿನ ಹಗ್ಗ ತುಸು ಸಡಿಲಿಸಿ ಬಾರಿಸಿದಳು. ಜ್ವಾಲೆ ನಡುಗಿತು, ಕುಗ್ಗಿತು, ಆರಿತು.

ನಿಲ್ಲಿಸಬೇಕೆನ್ನುವಷ್ಟರಲ್ಲಿ ಬೀಗರೆಲ್ಲ ಕುಣಿಯತೊಡಗಿದ್ದರು.

"ಸಾಕ್ ಮಾಡ್ರಿ ಅಕ್ಕಾರ," ಎಂದ ಅಡುಗೆಯ ಮುದಕಪ್ಪ, ಮೂರನೇ ಕಡ್ಡಿ ಗೀರುತ್ತ. "ನೀವು ಬಾರಸೂತನಕ ನನ್ನ ಒಲಿ ಹೊತ್ತಂಗಿಲ್ಲ. ಜಿಲೇಬಿ ಇನ್ನೂ ಅರ್ಧ ಕರಿಯೂದೈತಿ."

ಮದುಮಗಳ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಡುವೆ ಬಂದಳು. "ತಡಾ ಆದ್ರ ಆಗ್ಲಿ. ನೀ ಬಾರಸವ್ವ."

ದ್ಯಾಮವ್ವ ಬಾರಿಸಿದಳು. ಮುದಕಪ್ಪ ನಾಲ್ಕನೇ ಕಡ್ಡಿ ಗೀರಲಿಲ್ಲ. ಕಡ್ಡಿಪೆಟ್ಟಿಗೆ ಕಿಸೆಗೆ ಹಾಕಿ ತಾನೂ ಕುಣಿಯಲು ಹೊರಟ.